ಏಳು ಡಿಗ್ರಿ ಎಲ್ಲಿ ಹೋಯ್ತು?

ಪ್ರಶ್ನೆ: ಅಮ್ಮಂಗೆ 67 ವರ್ಷ, ಮಂಡಿ ಬದಲಿಸೋ ಆಪರೇಷನ್ ಆಗಿ ಆರು ವಾರ ಆಯ್ತು. ಹೋದ ವಾರ ಫಿಸಿಯೋ ಮೇಡಂ ಅಳೆದು 95 ಡಿಗ್ರಿ ಮಡಚ್ತಿದೆ ಅಂದ್ರು, ಈ ವಾರ ಅವ್ರು ರಜಾ, ಬೇರೆಯವ್ರು ಬಂದು 88 ಅಂತ ಬರೆದ್ರು. ದುಡ್ಡೆಲ್ಲ ನೀರಲ್ಲಿ ಹೋಮ ಆಯ್ತು ಅಂತ ಅಮ್ಮ ಸರಿಯಾಗಿ ಊಟಾನೂ ಮಾಡ್ತಿಲ್ಲ. ನಾನು ಮೊಬೈಲ್ ಆಪ್‌ನಲ್ಲಿ ನೋಡಿದ್ರೆ 101! ಯಾವ್ದನ್ನ ನಂಬೋದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದ್ಲು ಅಮ್ಮಂಗೆ ಊಟ ಮಾಡ್ಸಿ, ಮಂಡಿ ಎಲ್ಲೂ ಹಿಂದಕ್ಕೆ ಹೋಗಿರಲಿಕ್ಕಿಲ್ಲ. ನಾವು ಅಳೆಯೋ ಗೋನಿಯೋಮೀಟರ್ ಅಂದ್ರೆ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ಎರಡು ಪಟ್ಟಿ ಸೇರಿಸಿದ ಹಾಗಿರುತ್ತೆ, ಅಷ್ಟೇ. ನಡುವಿನ ಸ್ಕ್ರೂ ಮಂಡಿಯ ಹೊರಮಗ್ಗುಲ ಮೂಳೆ ಉಬ್ಬಿನ ಮೇಲೆ, ಒಂದು ಪಟ್ಟಿ ಸೊಂಟದ ಪಕ್ಕ ಕೈಗೆ ಸಿಗೋ ಮೂಳೆ ಕಡೆಗೆ, ಇನ್ನೊಂದು ಪಾದದ ಹೊರಗಡೆ ಗಂಟಿನ ಕಡೆಗೆ. ಕೇಳೋಕೆ ಸುಲಭ, ಆದ್ರೆ ಆ ಸೊಂಟದ ಮೂಳೆ ಇದ್ಯಲ್ಲ, ಮೈ ತುಂಬಿಕೊಂಡಿರೋರಲ್ಲಿ ಅದೂ ಸೀರೆ ಮೇಲಿಂದ ಹುಡುಕೋದು ಅಂದ್ರೆ ಕತ್ತಲಲ್ಲಿ ಸ್ವಿಚ್ ತಡಕಾಡಿದ ಹಾಗೆ. ತೊಡೆ ಸುಮಾರು 40 ಸೆಂಟಿಮೀಟರ್ ಉದ್ದ ಅಂದ್ಕೊಳ್ಳಿ, ಆ ಗುರುತು 2 ಸೆಂಟಿಮೀಟರ್ ಆಚೀಚೆ ಆದ್ರೂ ಸಾಕು, ಹತ್ತತ್ರ 3 ಡಿಗ್ರಿ ಅಲ್ಲೇ ಹೋಯ್ತು.

ಒಂದೇ ಕೈ ಅಳೆದ್ರೂ 4–5 ಡಿಗ್ರಿ ಹೆಚ್ಚುಕಮ್ಮಿ ಮಾಮೂಲು, ಕೈ ಬದಲಾದ್ರೆ ಇನ್ನೂ ಜಾಸ್ತಿ. ಮೇಡಂ ಎಕ್ಸರ್‌ಸೈಜ್ ಆದ್ಮೇಲೆ ಅಳೆದಿರಬಹುದು, ಇವ್ರು ಬಂದ ತಕ್ಷಣ ಅಳೆದಿರಬಹುದು, ಒಬ್ರು ಕೈಯಿಂದ ಒತ್ತಿ ಮಡಚಿ ನೋಡಿರ್ತಾರೆ ಇನ್ನೊಬ್ರು ನೀವೇ ಮಡಚಿ ಅಮ್ಮಾ ಅಂದಿರ್ತಾರೆ, ಅವತ್ತು ಊತ ಬೇರೆ ಇದ್ರೆ ಮುಗೀತು. ಅಂದಹಾಗೆ ನಾನು ಓದೋವಾಗ ಒಂದ್ಸಲ 120 ಇರೋ ಕಡೆ 60 ಬರೆದಿದ್ದೆ, ಆ ಬಿಲ್ಲೆ ಮೇಲೆ ಎರಡು ಸಾಲು ಅಂಕಿ ಇರುತ್ತೆ, ಉಲ್ಟಾ ಸಾಲು ನೋಡಿದ್ದೆ! ಸರ್ ಬೈದಿದ್ದು ಈಗ್ಲೂ ಕಿವೀಲಿದೆ.

ಫೋನಿನ 101 ಮರೆತುಬಿಡಿ. ಮಂಡಿಯಿಂದ ಕೆಳಗಿನ ಕಾಲಿನ ಮೇಲೆ ಇಟ್ಟ ಫೋನು ನೆಲಕ್ಕೆ ಹೋಲಿಸಿ ಎಷ್ಟು ವಾಲಿದೆ ಅಂತ ಹೇಳುತ್ತೆ, ತೊಡೆಗೆ ಹೋಲಿಸಿ ಅಲ್ಲ, ತೊಡೆ ಮಟ್ಟಸ ಇಲ್ದಿದ್ರೆ ಲೆಕ್ಕ ತಪ್ಪುತ್ತೆ.

ಮೇಡಂ ರಜಾ ಮುಗಿಸಿ ಬಂದ್ಮೇಲೆ ಅವ್ರೇ ಅಳೀಲಿ, ಅದೇ ಮಂಚ, ಅದೇ ಮಲಗೋ ರೀತಿ, ಎಕ್ಸರ್‌ಸೈಜ್‌ಗೆ ಮುಂಚೆ, ಬಟ್ಟೆ ಸರಿಸಿ. ತಾನಾಗೇ ಮಡಚಿದ್ದೋ ಒತ್ತಿ ಮಡಚಿದ್ದೋ ಅಂತ ಅಂಕಿ ಪಕ್ಕ ಬರೆಯೋಕೆ ಹೇಳಿ. ಕುರ್ಚಿಯಿಂದ ಎದ್ದೇಳೋಕೆ, ಮೆಟ್ಟಿಲು ಇಳಿಯೋಕೆ 90–100ರ ಸುಮಾರು ಬೇಕು, ಹೋದ ವಾರಕ್ಕಿಂತ ಈ ವಾರ ಏಳೋದು ಸಲೀಸಾಯ್ತಾ ಅಂತ ಅಮ್ಮನ್ನೇ ಕೇಳಿ. ಅವ್ರು ಅಳೆದ್ರೂ ಎರಡು ಸಲ 90 ದಾಟದಿದ್ರೆ ಮಾತ್ರ ಆಪರೇಷನ್ ಮಾಡಿದ ಡಾಕ್ಟ್ರ ಹತ್ರ ಹೋಗಿ, ತಡ ಮಾಡ್ಬೇಡಿ. ಜ್ವರ ಬಂದ್ರೆ, ಮೀನಖಂಡ ಊದ್ಕೊಂಡು ನೋಯ್ತಿದ್ರೆ ಡಿಗ್ರಿ ಎಷ್ಟೇ ಇರ್ಲಿ, ಅವತ್ತೇ ಹೋಗಿ.