ನೋಟಿಸ್ ಅವಧಿ ಪೂರೈಸದೆ ರಾಜೀನಾಮೆ ಕೊಟ್ಟರೆ ಕಂಪನಿ ಗ್ರಾಚ್ಯುಟಿ (ಸಲ್ಲಿಸಿದ ಸೇವೆಗಾಗಿ ಕೆಲಸ ಬಿಡುವಾಗ ಕೊಡುವ ಇಡಿಗಂಟು) ತಡೆಹಿಡಿಯಬಹುದೇ?

ತಡೆಹಿಡಿಯುವಂತಿಲ್ಲ. ಹತ್ತಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಸಂಸ್ಥೆಯಲ್ಲಿ ಐದು ವರ್ಷ ಸತತ ಸೇವೆ ಮುಗಿಸಿದ ಕಾಯಂ ನೌಕರರು ತಾವಾಗಿ ಕೆಲಸ ಬಿಟ್ಟರೂ ಗ್ರಾಚ್ಯುಟಿ ಅವರ ಹಕ್ಕು. ಅದನ್ನು ಮುಟ್ಟುಗೋಲು ಹಾಕಲು ಕಾನೂನು ಬಿಡುವುದು, ಸಂಸ್ಥೆಯ ಆಸ್ತಿಗೆ ಹಾನಿ, ಹಿಂಸೆಯಂಥ ಕೃತ್ಯಗಳಿಗಾಗಿ ವಜಾ ಆದಾಗ ಮಾತ್ರ.

ಮೊತ್ತವನ್ನು ನೀವೇ ಲೆಕ್ಕ ಹಾಕಿಕೊಳ್ಳಿ, ಹೆಚ್ಚಾಗಿ ಎಡವಟ್ಟಾಗುವುದು ಅಲ್ಲೇ. ಗ್ರಾಚ್ಯುಟಿಗೆ ಲೆಕ್ಕವಾಗುವ ಕೊನೆಯ ತಿಂಗಳ ವೇತನ 26,000 ರೂ., ಸೇವೆ 7 ವರ್ಷ 8 ತಿಂಗಳು ಎನ್ನೋಣ. ಆರು ತಿಂಗಳು ಮೀರಿದ್ದರಿಂದ ಅದು 8 ವರ್ಷ. ತಿಂಗಳಿಗೆ 26 ಕೆಲಸದ ದಿನ ಎಂದು ಹಿಡಿದು, ಪ್ರತಿ ವರ್ಷದ ಸೇವೆಗೆ 15 ದಿನದ ವೇತನ ಲೆಕ್ಕ: 26,000 ÷ 26 × 15 × 8 = 1,20,000 ರೂ. 26ರ ಬದಲು 30ರಿಂದ ಭಾಗಿಸಿದರೆ ನಿಮಗೆ 16,000 ರೂ. ಖೋತಾ!

ನೀವು ಅರ್ಜಿ ಕೊಡದಿದ್ದರೂ ಲೆಕ್ಕ ಹಾಕಿ 30 ದಿನದೊಳಗೆ ಪಾವತಿಸುವುದು ಮಾಲೀಕರ ಹೊಣೆ. ತಡವಾದರೆ ಬಡ್ಡಿಯನ್ನೂ ಕೇಳಿ.