‘ಗ್ಲೌಸ್ ಹಾಕೀನಲ್ರಿ!’

ಪ್ರಶ್ನೆ: ನಮ್ಮ ಅವ್ವನಿಗೆ 78 ವರ್ಷ. ಬಿದ್ದು ಸೊಂಟ ಮುರಿದ ಮೇಲೆ ಹುಬ್ಬಳ್ಳಿಯ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಇಟ್ಟಿದ್ದೇವೆ. ಬೆನ್ನಿನ ಕೆಳಗೆ ಹಾಸಿಗೆ ಹುಣ್ಣಾಗಿದೆ. ಡ್ರೆಸ್ಸಿಂಗ್ ಮಾಡುವ ಹುಡುಗಿ ಒಂದೇ ಜೋಡಿ ಗ್ಲೌಸಿನಲ್ಲಿ ನಾಲ್ಕು ಮಂಚ ಮುಗಿಸುತ್ತಾಳೆ. ಕೇಳಿದರೆ ‘ಗ್ಲೌಸ್ ಹಾಕೀನಲ್ರಿ’ ಅಂತಾಳೆ. ಜಾಸ್ತಿ ಮಾತಾಡಿದರೆ ಅವ್ವನ ಮೇಲೆ ಸಿಟ್ಟು ತೀರಿಸಿಕೊಂಡಾರು ಅಂತ ಹೆದರಿಕೆ. ಏನು ಮಾಡಲಿ?
– ಓದುಗರೊಬ್ಬರು, ಬೆಟಗೇರಿ

ಉತ್ತರ: ಸುಮ್ಮನಿರಬೇಡಿ. ಆ ಗ್ಲೌಸ್ ಕಾಯುವುದು ಅವಳ ಕೈಯನ್ನು. ಮೊದಲ ಮಂಚದ ಕೀವು ಅದರ ಮೇಲೇ ನಾಲ್ಕನೇ ಮಂಚಕ್ಕೆ ಬರುತ್ತದೆ, ಅಲ್ವಾ? ನಿಜ ಹೇಳಬೇಕೆಂದರೆ ಒಬ್ಬರ ಡ್ರೆಸ್ಸಿಂಗಿಗೇ ಎರಡು ಜೋಡಿ ಬೇಕು. ಹಳೇ ಪಟ್ಟಿ ಬಿಚ್ಚಿದ ಗ್ಲೌಸ್ ಅಲ್ಲೇ ತೆಗೆಯಬೇಕು. ಸ್ಯಾನಿಟೈಸರ್ ಹಚ್ಚಿ 20-30 ಸೆಕೆಂಡು, ಕೈ ಆರುವ ತನಕ ಉಜ್ಜಬೇಕು. ಆಮೇಲೆ ಹೊಸದು ಹಾಕಿ ಹುಣ್ಣು ಮುಟ್ಟಬೇಕು. ಕೈಗೆ ಕೀವು ತಾಗಿದ್ದರೆ ಸೋಪು-ನೀರೇ ಆಗಬೇಕು.

ಧಾರವಾಡದಲ್ಲಿ ನರ್ಸ್ ಆಗಿ ಸೇರಿದ ಹೊಸದರಲ್ಲಿ ನಾನೂ ಇಂಥದ್ದೇ ಒಂದು ತಪ್ಪು ಮಾಡುತ್ತಿದ್ದೆ. ಕೆಲಸ ಬೇಗ ಆಗಲಿ ಅಂತ ಟೇಪನ್ನು ಮೊದಲೇ ನಾಲ್ಕು ತುಂಡು ಹರಿದು ಮಂಚದ ಸರಳಿಗೆ ಅಂಟಿಸಿಕೊಳ್ಳುತ್ತಿದ್ದೆ. ಆ ಸರಳನ್ನು ಬೆಳಗಿನಿಂದ ಯಾರ್ಯಾರು ಹಿಡಿದಿದ್ದರೋ! ಅದೇ ತುಂಡು ಹುಣ್ಣಿನ ಪಕ್ಕಕ್ಕೆ. ಹಿರಿಯ ಸಿಸ್ಟರ್ ಒಬ್ಬರು ಒಂದೂ ಮಾತಾಡದೆ ನಾಲ್ಕನ್ನೂ ಕಿತ್ತು ನನ್ನ ಏಪ್ರನ್ನಿಗೆ ಅಂಟಿಸಿ ಹೋದರು. ಇಡೀ ವಾರ್ಡು ನಕ್ಕಿತು.

ಹುಡುಗಿಯನ್ನು ಬೈಯಬೇಡಿ. ನಾಲ್ಕು ಮಂಚಕ್ಕೆ ಒಂದು ಜೋಡಿ ಅಂದರೆ ಅವಳ ಕೈಗೆ ಕೊಟ್ಟಿರುವುದೇ ಅಷ್ಟಿರಬಹುದು. ಮೇಲ್ವಿಚಾರಕರನ್ನು ಕೇಳಿ: ದಿನಕ್ಕೆ ಎಷ್ಟು ಜೋಡಿ ಕೊಡುತ್ತೀರಿ? ಮುಲಾಮಿನ ಟ್ಯೂಬು ಅವ್ವನಿಗೇ ಬೇರೆ ಇದೆಯಾ? ಹುಣ್ಣು ತೊಳೆಯುವ ಸಲೈನ್ ಬಾಟಲಿ ತೆರೆದದ್ದು ಯಾವಾಗ? ತೆರೆದ ಬಾಟಲಿ 24 ಗಂಟೆ ದಾಟಿದರೆ ಚೆಲ್ಲಬೇಕು. ಕೀವಿನ ಹುಣ್ಣಿದ್ದವರ ಸರದಿ ಕೊನೆಗೆ. ಅವ್ವನದೇ ಕೀವಾಗಿದ್ದರೆ ಅವ್ವನೇ ಕೊನೆಗೆ, ಬೇಜಾರಾಗಬೇಡಿ.

ಅರಿಶಿನ ಉದುರಿಸಬೇಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರಾ ನೋಡಿ. ವಾಸನೆ, ಸುತ್ತ ಹರಡುವ ಕೆಂಪು ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ. ವಯಸ್ಸಾದವರಿಗೆ ನಂಜಾದರೂ ಕೆಲವೊಮ್ಮೆ ಜ್ವರ ಬರುವುದಿಲ್ಲ. ಊಟ ಬಿಡುತ್ತಾರೆ, ಏನೇನೋ ಬಡಬಡಿಸುತ್ತಾರೆ. ‘ವಯಸ್ಸಾಯ್ತು’ ಅಂತ ಬಿಡಬೇಡಿ.

ಮತ್ತೆ ನೀವು. ಗದಗಿನಿಂದ ಬಸ್ಸಿನ ಸರಳು ಹಿಡಿದು ಬಂದವರು ನೇರ ಅವ್ವನ ಹೊದಿಕೆಗೆ ಕೈ ಹಾಕಬೇಡಿ. ಮೊದಲು ಕೈ ತೊಳೆಯಿರಿ. ಆ ಹುಡುಗಿಗೆ ಕಾಣುವ ಹಾಗೆಯೇ ತೊಳೆಯಿರಿ.