ಅಮ್ಮನ ಮೂಲಕ ಹೋಗುತ್ತಿದ್ದ ಮಾತುಗಳು

ತಾಯಿ ತೀರಿಕೊಂಡ ಮೇಲೆ ಮನೆ ಚೂರುಚೂರಾಗುವ ಕಥೆಯನ್ನು ಕಾದಂಬರಿಕಾರರು ಏಕೆ ಮತ್ತೆ ಮತ್ತೆ ಬರೆಯುತ್ತಾರೆ, ಒಂದು ಸಾವಿಗೆ ಅಷ್ಟು ಶಕ್ತಿ ಇದೆಯೇ ಎಂದು ಕೇಳಿದ್ದೀರಿ. ನಾನು ಓದಿದ ಒಳ್ಳೆಯ ಕಾದಂಬರಿಗಳಲ್ಲಿ ಬಿರುಕು ಮೊದಲೇ ಇರುತ್ತದೆ. ಅಪ್ಪ ಮಗನಿಗೆ ಹೇಳಬೇಕಾದದ್ದನ್ನು ಅಮ್ಮನಿಗೆ ಹೇಳಿರುತ್ತಾನೆ. ಮಗ ಅಪ್ಪನ ಮೇಲಿನ ಸಿಟ್ಟನ್ನು ಅಮ್ಮನ ಮುಂದೆ ಕಾರಿಕೊಂಡಿರುತ್ತಾನೆ. ಆಕೆ ಎರಡನ್ನೂ ಸೋಸಿ, ಮೆತ್ತಗೆ ಮಾಡಿ ದಾಟಿಸಿರುತ್ತಾಳೆ. ಆಕೆ ಹೋದ ಮರುದಿನದಿಂದ ಅವರು ನೇರವಾಗಿ ಮಾತನಾಡಬೇಕು, ಆ ಅಭ್ಯಾಸವೇ ಇಬ್ಬರಿಗೂ ಇಲ್ಲ.

ನನ್ನ ತಾಯಿ ತೀರಿಕೊಂಡ ಹೊಸದರಲ್ಲಿ ಅಪ್ಪ ಫೋನ್ ಮಾಡುತ್ತಿದ್ದರು. "ಊಟ ಆಯಿತೇ?" ಎನ್ನುತ್ತಿದ್ದರು, "ಆಯಿತು" ಎನ್ನುತ್ತಿದ್ದೆ. ಆಮೇಲೆ ಇಬ್ಬರೂ ಸುಮ್ಮನಾಗುತ್ತಿದ್ದೆವು. "ಇರು, ಅಮ್ಮನಿಗೆ ಕೊಡುತ್ತೇನೆ" ಎಂದು ಅವರು ಹೇಳುತ್ತಿದ್ದ ಜಾಗ ಅದು.

ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಅವರ ‘ಟು ದ ಲೈಟ್‌ಹೌಸ್’ (1927) ಕಾದಂಬರಿ ಓದಿದಾಗ ಆ ಮೌನ ನನಗೆ ಮತ್ತೆ ಕೇಳಿಸಿತು. ಮೊದಲ ಪುಟದಲ್ಲೇ ಆರು ವರ್ಷದ ಜೇಮ್ಸ್ ಚಿತ್ರಗಳನ್ನು ಕತ್ತರಿಸುತ್ತಾ ಕುಳಿತಿದ್ದಾನೆ. ಹವಾಮಾನ ಚೆನ್ನಾಗಿದ್ದರೆ ನಾಳೆ ದೀಪಸ್ತಂಭಕ್ಕೆ ಹೋಗೋಣ ಎನ್ನುತ್ತಾಳೆ ತಾಯಿ. ಚೆನ್ನಾಗಿರುವುದಿಲ್ಲ ಎನ್ನುತ್ತಾನೆ ತಂದೆ. ಕೈಗೆ ಕೊಡಲಿ ಸಿಕ್ಕಿದ್ದರೆ ಅಪ್ಪನನ್ನು ಕೊಂದೇಬಿಡುತ್ತಿದ್ದೆ ಎನ್ನುವಷ್ಟು ಕೋಪ ಆ ಮಗುವಿಗೆ. ಇಬ್ಬರ ನಡುವೆ ಕಾಲುಚೀಲ ಹೆಣೆಯುತ್ತಾ ಕುಳಿತ ತಾಯಿ, ನಾಳೆ ಚೆನ್ನಾಗಿದ್ದರೂ ಇರಬಹುದು ಎಂದು ಮಗನನ್ನು ಸಮಾಧಾನಪಡಿಸುತ್ತಾಳೆ. ಆಕೆಯ ಕೆಲಸವೆಲ್ಲ ಆ ಒಂದು ಮಾತಿನಲ್ಲಿದೆ.

ಅಂಥವಳ ಸಾವನ್ನು ವುಲ್ಫ್ ಆವರಣ ಚಿಹ್ನೆಯೊಳಗಿನ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ. ಕತ್ತಲು ಹರಿಯದ ಮುಂಜಾನೆ ಗಂಡ ಮನೆಯ ಕಾರಿಡಾರಿನಲ್ಲಿ ಎಡವುತ್ತಾ ಕೈಚಾಚುತ್ತಾನೆ, ತೋಳುಗಳು ಬರಿದಾಗಿಯೇ ಉಳಿಯುತ್ತವೆ. ರೋಗ, ಹಾಸಿಗೆ, ಕೊನೆಯ ಮಾತು ಯಾವುದೂ ಇಲ್ಲ. ಮೊದಲ ಸಲ ಓದಿದಾಗ ಕಣ್ತಪ್ಪಿತೇನೋ ಎಂದು ಪುಟ ಹಿಂದಿರುಗಿಸಿ ಮತ್ತೆ ಓದಿದ್ದೆ. ವುಲ್ಫ್ ಅವರ ಸ್ವಂತ ತಾಯಿ 1895ರಲ್ಲಿ ತೀರಿಕೊಂಡಾಗ ಅವರಿಗೆ 13 ವರ್ಷ. ಈ ಕಾದಂಬರಿ ಬರೆದು ಮುಗಿಸಿದ ಮೇಲೆ ತಾಯಿಯ ದನಿ ಕೇಳಿಸುವುದು ನಿಂತಿತೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ.

ಅಮೆರಿಕದ ಕಾದಂಬರಿಕಾರ ವಿಲಿಯಂ ಫಾಕ್ನರ್ ದಾರಿ ಬೇರೆ. ‘ಆಸ್ ಐ ಲೇ ಡೈಯಿಂಗ್’ (1930) ಕಾದಂಬರಿಯಲ್ಲಿ ತಾಯಿ ಆ್ಯಡಿಯ ಕೊನೆಯಾಸೆಯಂತೆ ಶವಪೆಟ್ಟಿಗೆಯನ್ನು ಬಂಡಿಯಲ್ಲಿಟ್ಟುಕೊಂಡು ಇಡೀ ಮನೆ ಅವಳ ತವರಿನವರ ಸ್ಮಶಾನಕ್ಕೆ ಹೊರಡುತ್ತದೆ. ಅವಳಿಗೆ ಇನ್ನೂ ಜೀವ ಇರುವಾಗಲೇ ಹಿರಿಮಗ ಕಿಟಕಿಯ ಹೊರಗೆ ಪೆಟ್ಟಿಗೆಯ ಹಲಗೆ ಕೊಯ್ಯುತ್ತಿರುತ್ತಾನೆ. 15 ಮಂದಿ ಸರದಿಯಂತೆ 59 ಅಧ್ಯಾಯಗಳಲ್ಲಿ ಕಥೆ ಹೇಳುತ್ತಾರೆ. ಒಂದೇ ಬಂಡಿಯಲ್ಲಿ ಕುಳಿತ ಮಕ್ಕಳು ಕೂಡ ಅವರವರ ಅಧ್ಯಾಯದೊಳಗೆ ಒಂಟಿ. ಗಂಡನಿಗೆ ಪಟ್ಟಣದಲ್ಲಿ ಹಲ್ಲಿನ ಸೆಟ್ ಕೊಳ್ಳಬೇಕಿದೆ, ಮದುವೆಯಾಗದೆ ಬಸಿರಾದ ಮಗಳಿಗೆ ಔಷಧ ಬೇಕಿದೆ. ಕೊನೆಗೆ ಮನೆಯವರೇ ಒಬ್ಬ ಮಗನನ್ನು ಹುಚ್ಚಾಸ್ಪತ್ರೆಗೆ ಹಿಡಿದುಕೊಡುತ್ತಾರೆ. ಗಂಡ ಹೊಸ ಹಲ್ಲಿನ ಜೊತೆಗೆ ಹೊಸ ಹೆಂಡತಿಯನ್ನೂ ಕರೆತರುತ್ತಾನೆ. ಇದನ್ನು ಕ್ರೂರ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಈ ಮನೆಯಲ್ಲೂ ಯಾರಿಗೂ ದುಃಖ ಕಡಿಮೆಯಿಲ್ಲ, ಅದನ್ನು ಒಬ್ಬರಿಂದೊಬ್ಬರಿಗೆ ತಲುಪಿಸುವವರು ಇಲ್ಲ.

ಎರಡರಲ್ಲಿ ಒಂದನ್ನೇ ಓದುವುದಾದರೆ ವುಲ್ಫ್ ಓದಿ, ಅದರ ಕೊನೆಗಾಗಿಯಾದರೂ ಓದಿ. ತಾಯಿ ಹೋಗಿ ವರ್ಷಗಳಾದ ಮೇಲೆ ಅಪ್ಪ ಮಕ್ಕಳು ಕಡೆಗೂ ದೀಪಸ್ತಂಭಕ್ಕೆ ಹೊರಡುತ್ತಾರೆ. ಮಕ್ಕಳಿಗೆ ಇಷ್ಟವಿಲ್ಲ. ದಾರಿಯುದ್ದಕ್ಕೂ ಅಪ್ಪ ಪುಸ್ತಕದೊಳಗೆ ಮುಖ ಹುದುಗಿಸಿ ಕುಳಿತಿರುತ್ತಾನೆ. ದೋಣಿ ದಡ ಸೇರುವ ಹೊತ್ತಿಗೆ, ಚುಕ್ಕಾಣಿ ಹಿಡಿದಿದ್ದ ಜೇಮ್ಸ್‌ಗೆ, "ಚೆನ್ನಾಗಿ ನಡೆಸಿದೆ" ಎನ್ನುತ್ತಾನೆ. ಹುಡುಗ ಯಾರ ಮುಖವನ್ನೂ ನೋಡುವುದಿಲ್ಲ, ತನಗಾದ ಸಂತೋಷ ಯಾರಿಗೂ ಕಾಣದಿರಲೆಂದು ಮುಖ ಬಿಗಿಹಿಡಿದು ಕುಳಿತಿರುತ್ತಾನೆ.